ಗಾಬರಿಯಾದಾಗ ಉಸಿರು ಎಳೆಯೋದಲ್ಲ, ಮೊದಲು ಬಿಡಿ

ಟೆನ್ಷನ್ ಆದವರಿಗೆ ಪಕ್ಕದಲ್ಲಿದ್ದವರು ಹೇಳುವ ಮೊದಲ ಮಾತು, 'ಜೋರಾಗಿ ಒಂದ್ಸಲ ಉಸಿರು ತಗೋ'. ಒಳ್ಳೆ ಮನಸ್ಸಿಂದಲೇ ಹೇಳುತ್ತಾರೆ. ಆದರೆ ಗಾಬರಿಯಲ್ಲಿರುವವರು ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಿರುತ್ತಾರೆ. ಅದರ ಮೇಲೆ ಇನ್ನೂ ಜೋರಾಗಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ತಲೆ ಸುತ್ತಿದ ಹಾಗಾಗುತ್ತದೆ, ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತದೆ, ಅಯ್ಯೋ ಇದೇನೋ ಆಗ್ತಿದೆ ಅಂತ ಗಾಬರಿ ಇನ್ನಷ್ಟು ಏರುತ್ತದೆ.

ಹಾಗಾಗಿ ಶುರು ಮಾಡಬೇಕಾದ್ದು ಉಸಿರು ಬಿಡುವುದರಿಂದ.

ಯಾಕೆ ಅಂತ ನಿಮ್ಮ ಕೈಯಲ್ಲೇ ನೋಡಬಹುದು. ಮಣಿಕಟ್ಟಿನ ನಾಡಿ ಹಿಡಿದು ಸುಮ್ನೆ ಕೂತು, ನಿಧಾನಕ್ಕೆ ಉಸಿರಾಡಿ. ಒಳಗೆ ಎಳೆಯುವಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ಅಷ್ಟು ಗೊತ್ತಾಗದೇ ಇರಬಹುದು. ಮೆದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಹೋಗುವ ವೇಗಸ್ ಎಂಬ ನರ ಇದೆ. ಹೃದಯಕ್ಕೆ ಅದೇ ಬ್ರೇಕ್. ಉಸಿರು ಬಿಡುವಾಗ ಆ ಬ್ರೇಕ್ ಹೆಚ್ಚು ಹಿಡಿಯುತ್ತದೆ. ಹೃದಯವನ್ನು ನಿಧಾನ ಆಗು ಅಂತ ಗದರಿಸಿದರೆ ಅದು ಕೇಳಲ್ಲ, ಆದರೆ ಉಸಿರು ನಮ್ಮ ಮಾತು ಕೇಳುತ್ತದೆ ಅಲ್ವಾ, ಅದರ ಮೂಲಕ ಹೋಗಬೇಕು.

ಈಗ ಮಾಡುವ ರೀತಿ. ಪದ್ಮಾಸನವೇ ಬೇಕು ಅಂತೇನಿಲ್ಲ, ಕುರ್ಚಿ ಸಾಕು. ಸೊಂಟದ ಹತ್ತಿರ ಬಟ್ಟೆ ಬಿಗಿಯಿದ್ದರೆ ಸಡಿಲ ಮಾಡಿ, ಒಂದು ಕೈ ಹೊಟ್ಟೆ ಮೇಲಿಡಿ. ಮೊದಲು ಇರುವ ಗಾಳಿಯನ್ನೆಲ್ಲ ನಿಧಾನಕ್ಕೆ ಬಿಡಿ. ಆಮೇಲೆ ಮೂಗಿನಿಂದ 4 ಎಣಿಸುವವರೆಗೆ ಒಳಗೆ, 6 ಎಣಿಸುವವರೆಗೆ ಹೊರಗೆ. ಎದೆಗಿಂತ ಹೊಟ್ಟೆ ಮೇಲಿನ ಕೈ ಜಾಸ್ತಿ ಏಳಬೇಕು. ಒಂದು ಸುತ್ತಿಗೆ 10 ಸೆಕೆಂಡು, ಅಂದರೆ ನಿಮಿಷಕ್ಕೆ 6 ಉಸಿರು. ಮಾಮೂಲಿಯಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ, ಅದಕ್ಕೇ ಮೊದಮೊದಲು ಉಸಿರು ಸಾಲದು ಅನಿಸುತ್ತದೆ. ಅನಿಸಿದರೆ 3 ಒಳಗೆ, 4 ಹೊರಗೆ ಮಾಡಿ. ನಡುವೆ ಉಸಿರು ಕಟ್ಟಿ ಹಿಡಿಯಬೇಡಿ. ಗಾಳಿ ತುಂಬಾ ತುಂಬಿಕೊಳ್ಳುವುದೂ ಬೇಡ, ಮೆತ್ತಗೆ ಇರಲಿ. 5 ನಿಮಿಷ ಸಾಕು.

ಎಣಿಸೋದು ಬೋರ್ ಅನಿಸುವವರಿಗೆ ಭ್ರಾಮರಿ ಇದೆ. ಬಾಯಿ ಮುಚ್ಚಿ, ದುಂಬಿ ಹಾಗೆ ಮ್‌ಮ್‌ಮ್ ಅಂತ ಉಸಿರು ಮುಗಿಯುವವರೆಗೆ ಗುಂಯ್‌ಗುಡುವುದು. ಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ. ಮನೆಯವರು ನಗುತ್ತಾರೆ ಅಂದರೆ ಬಚ್ಚಲಮನೆಯಲ್ಲಿ ಮಾಡಿ. ಜಪ ಮಾಡುವ ಅಭ್ಯಾಸ ಇದ್ದವರು ಅದನ್ನೇ ಅವಸರವಿಲ್ಲದೆ ಮಾಡಬಹುದು. 2001ರಲ್ಲಿ ಇಟಲಿಯ ಸಂಶೋಧಕರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ರೈಸ್ತರ ಜಪಸರದ ಲ್ಯಾಟಿನ್ ಪ್ರಾರ್ಥನೆ ಹೇಳಿದರೂ, 'ಓಂ ಮಣಿ ಪದ್ಮೇ ಹೂಂ' ಹೇಳಿದರೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಬಂದು ನಿಲ್ಲುತ್ತಿತ್ತು. ದೇವರು ಯಾರಾದರೂ ಲೆಕ್ಕ ಒಂದೇ!

ಇನ್ನು ಗಮನದ ವಿಷಯ. ಜನ ಬಿಟ್ಟುಬಿಡುವುದು ಇಲ್ಲೇ. 'ಕಣ್ಣು ಮುಚ್ಚಿದರೆ ನೂರೆಂಟು ಯೋಚನೆ, ನನಗೆ ಧ್ಯಾನ ಆಗಲ್ಲ ಬಿಡಿ' ಅನ್ನುತ್ತಾರೆ. ಯೋಚನೆ ಬರದಂತೆ ಮಾಡಿ ಅಂತ ಯಾರೂ ಕೇಳುತ್ತಿಲ್ಲ. ಪ್ರತಿ ಉಸಿರು ಬಿಟ್ಟಾಗ ಒಂದು, ಎರಡು ಅಂತ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ. ನಾಲ್ಕಕ್ಕೆ ಬರುವಷ್ಟರಲ್ಲಿ ಮನಸ್ಸು ಇಎಂಐಗೋ, ಆಫೀಸಿನ ವಾಟ್ಸಾಪ್ ಗ್ರೂಪಿಗೋ, ಗ್ಯಾಸ್ ಆಫ್ ಮಾಡಿದ್ನಾ ಅನ್ನುವುದಕ್ಕೋ ಓಡಿರುತ್ತದೆ. ಓಡಿದ್ದು ಗೊತ್ತಾಯಿತಾ, ಬೈದುಕೊಳ್ಳದೆ ಒಂದಕ್ಕೆ ವಾಪಸ್ ಬನ್ನಿ. ಆ ವಾಪಸ್ ಬರುವುದೇ ಅಭ್ಯಾಸ. ಹತ್ತು ಸಲ ಓಡಿದರೆ ಹತ್ತು ಸಲ ಅಭ್ಯಾಸ ಆಯಿತು ಅಂತ ಲೆಕ್ಕ.

ಕೆಲವರಿಗೆ ಉಸಿರನ್ನೇ ಗಮನಿಸಿದರೆ ಗಾಬರಿ ಹೆಚ್ಚಾಗುತ್ತದೆ. ಆಸ್ತಮಾ ಇದ್ದವರಿಗೆ, ಹಿಂದೆ ಪ್ಯಾನಿಕ್ ಅಟ್ಯಾಕ್ ಆದವರಿಗೆ ಹೀಗಾಗಬಹುದು. ಅಂಥವರು ಉಸಿರಿನ ಸುದ್ದಿಗೆ ಹೋಗುವುದೇ ಬೇಡ. ಕಣ್ಣು ತೆರೆದಿಟ್ಟು, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಆಮೇಲೆ ಕಿವಿಗೆ ಬೀಳುವ ಸದ್ದುಗಳನ್ನು ಒಂದೊಂದಾಗಿ ಹಿಡಿಯಿರಿ: ಫ್ಯಾನು, ಪಕ್ಕದ ಮನೆಯ ಕುಕ್ಕರ್ ವಿಷಲ್, ರಸ್ತೆಯ ಆಟೋ. ತುಂಬಿದ ಬಸ್ಸಿನಲ್ಲಿ ನಿಂತುಕೊಂಡೂ ಇದನ್ನು ಮಾಡಬಹುದು, ಯಾರಿಗೂ ಗೊತ್ತಾಗಲ್ಲ.

ಯಾವಾಗ ಮಾಡಬೇಕು? ಎಲ್ಲ ಸರಿಯಿದ್ದಾಗ. ಬೆಳಿಗ್ಗೆ ಕಾಫಿಗೆ ಮುಂಚೆ, ರಾತ್ರಿ ದೀಪ ಆರಿಸಿದ ಮೇಲೆ. ಇಂಟರ್‌ವ್ಯೂ ಬಾಗಿಲಲ್ಲಿ ನಿಂತು ಮೊದಲ ಸಲ ಪ್ರಯತ್ನಿಸಿದರೆ ಅದು ಕೈ ಕೊಡುತ್ತದೆ, ದೇಹಕ್ಕೆ ದಾರಿ ಮೊದಲೇ ಗೊತ್ತಿರಬೇಕು.

ಕಪಾಲಭಾತಿ, ಭಸ್ತ್ರಿಕಾವನ್ನು ಇದರ ಜೊತೆ ಗಂಟು ಹಾಕಬೇಡಿ. ಅವು ವೇಗದ ಉಸಿರಿನವು, ಗಾಬರಿಯಾದಾಗ ಮಾಡುವಂಥವಲ್ಲ. ಬಿಪಿ, ಹೃದಯದ ತೊಂದರೆ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ಅವನ್ನು ಯೂಟ್ಯೂಬ್ ನೋಡಿ ಕಲಿಯುವುದಂತೂ ಬೇಡವೇ ಬೇಡ.

ಎದೆ ಹಿಂಡಿದಂತಾಗಿ ನೋವು ಕೈಗೋ ದವಡೆಗೋ ಹರಡುತ್ತಿದ್ದರೆ, ತಣ್ಣನೆ ಬೆವರು ಬರುತ್ತಿದ್ದರೆ ಉಸಿರು ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು 'ಪ್ರಾಣಾಯಾಮ ಶುರು ಮಾಡಿದೀನಲ್ಲ' ಅಂತ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ. ಇನ್ನು ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ 14416, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.