ಪೇಟೆಂಟ್ ಪ್ರಶ್ನಿಸಲು ಹತ್ತಾರು ಜನ ಸೇರಿ ಪುರಾವೆ ಹುಡುಕುವುದು ಹೇಗೆ?

ಕಾಳುಮೆಣಸು ಬಿಡಿಸುವ ಯಂತ್ರದ ಒಂದು ಕರಪತ್ರ ನನ್ನ ಹತ್ತಿರ ಇನ್ನೂ ಇದೆ. ಗುಲಾಬಿ ಬಣ್ಣದ ಕಾಗದ, ಮಡಚಿದ ಕಡೆ ಹರಿದಿದೆ. ಯಂತ್ರದ ಚಿತ್ರ ಎಷ್ಟು ಚೆನ್ನಾಗಿದೆ ಅಂದರೆ ಡ್ರಮ್ಮಿನೊಳಗಿನ ರಬ್ಬರ್ ಪಟ್ಟಿಗಳನ್ನು ಎಣಿಸಬಹುದು. ಅದೇ ರಬ್ಬರ್ ಪಟ್ಟಿ ಹೊಸದು ಎಂದು 2008ರಲ್ಲಿ ಒಬ್ಬರು ಪೇಟೆಂಟ್ ಅರ್ಜಿ ಹಾಕಿದ್ದರು. ಕರಪತ್ರದ ಕೆಳಗೆ ‘ಪ್ರಾತ್ಯಕ್ಷಿಕೆ: ನವೆಂಬರ್ 14, ಭಾನುವಾರ’ ಎಂದಿದೆ. ಇಸವಿ ಇಲ್ಲ. ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆವು. 2004ರಲ್ಲೂ ನವೆಂಬರ್ 14 ಭಾನುವಾರ, 2010ರಲ್ಲೂ ಭಾನುವಾರ. ಮೊದಲನೆಯದಾದರೆ ಅರ್ಜಿಗೆ ಮುಂಚೆಯೇ ಆ ಪಟ್ಟಿ ಇತ್ತು ಎಂದಾಗುತ್ತದೆ, ಪುರಾವೆ ಗಟ್ಟಿ. ಎರಡನೆಯದಾದರೆ ಉಪಯೋಗವೇ ಇಲ್ಲ. ಅಚ್ಚು ಹಾಕಿದ ಪ್ರೆಸ್ ಮುಚ್ಚಿಹೋಗಿತ್ತು. ಬಿಲ್ ಪುಸ್ತಕ ಯಾರ ಹತ್ತಿರವೂ ಇರಲಿಲ್ಲ. ಆ ಕರಪತ್ರವನ್ನು ಬಿಡಬೇಕಾಯಿತು.

ಹೀಗೆ ಕೈಗೆ ಬಂದದ್ದು ಜಾರಿಹೋಗುವುದನ್ನು ಹಲವು ಸಲ ನೋಡಿದ್ದೇನೆ. ಊರವರಿಗೆ ವಿಷಯ ಗೊತ್ತಿರುತ್ತದೆ, ಹುಡುಕುವ ಉತ್ಸಾಹವೂ ಇರುತ್ತದೆ. ಹುಡುಕುವ ಕ್ರಮ ಮಾತ್ರ ಗೊತ್ತಿರುವುದಿಲ್ಲ. ಅದಕ್ಕೇ ಈ ಲೇಖನ.

ಮೊದಲು: ನಿಮಗೆ ಹಕ್ಕು ಇದೆಯೇ?

ಇದೆ. ಭಾರತದ ಪೇಟೆಂಟ್ ಕಾಯ್ದೆಯ 25(1)ನೇ ಸೆಕ್ಷನ್ ಪ್ರಕಾರ, ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನೀವು ಆ ವ್ಯಾಪಾರದಲ್ಲಿ ಇರಬೇಕೆಂದೇನೂ ಇಲ್ಲ. ಕ್ಷಯರೋಗದ ಔಷಧಿ ಬೆಡಾಕ್ವಿಲಿನ್ ಮೇಲೆ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಎರಡನೇ ಪೇಟೆಂಟ್ ಕೇಳಿದಾಗ ಆಕ್ಷೇಪಿಸಿದವರು ಕ್ಷಯ ಗೆದ್ದು ಬಂದ ಇಬ್ಬರು ಮಹಿಳೆಯರು: ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು.

ಪೇಟೆಂಟ್ ಕೊಟ್ಟಾಗಿದ್ದರೆ, ಅದು ಪ್ರಕಟವಾದ ಒಂದು ವರ್ಷದೊಳಗೆ ಇನ್ನೊಂದು ಅವಕಾಶ ಇದೆ. ಆದರೆ ಆಗ ನಿಮಗೆ ಆ ವಿಷಯದಲ್ಲಿ ನೇರ ಹಿತಾಸಕ್ತಿ ಇರಬೇಕು. ಅದೂ ಕಳೆದರೆ ಹೈಕೋರ್ಟ್ ದಾರಿ. ಖರ್ಚು ಜಾಸ್ತಿ, ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿ ಕೊಡುವ ಮೊದಲೇ ಹಿಡಿಯಿರಿ ಎಂಬುದು ನನ್ನ ಖಡಾಖಂಡಿತ ಸಲಹೆ.

ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತವೆ. ಜರ್ನಲ್ ಪ್ರತಿ ಶುಕ್ರವಾರ ಬರುತ್ತದೆ, ಆನ್‌ಲೈನ್‌ನಲ್ಲಿ ಉಚಿತ. ಪ್ರಕಟವಾದ ಮೇಲೆ 6 ತಿಂಗಳು ಪೇಟೆಂಟ್ ಕೊಡುವಂತಿಲ್ಲ. ಆ 6 ತಿಂಗಳು ನಿಮ್ಮದು ಅಂತ ಇಟ್ಟುಕೊಳ್ಳಿ. ಆಮೇಲೂ ಪೇಟೆಂಟ್ ಕೊಡುವವರೆಗೆ ಸಲ್ಲಿಸಬಹುದು. ಆದರೆ ಯಾವತ್ತು ಕೊಡುತ್ತಾರೆಂದು ನಿಮಗೆ ಯಾರೂ ಮೊದಲೇ ತಿಳಿಸುವುದಿಲ್ಲ.

ಅರ್ಜಿ ಇಳಿಸಿಕೊಳ್ಳಿ

ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಹುಡುಕು ಪುಟದಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಪೂರ್ತಿ ಕಡತ ಸಿಗುತ್ತದೆ. ಪರೀಕ್ಷಕರ ಮೊದಲ ವರದಿ ಬಂದಿದ್ದರೆ ಅದನ್ನೂ ಇಳಿಸಿ. ಇಷ್ಟೇ.

ಕ್ಲೇಮು ಒಡೆಯುವುದು: ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಹತ್ತು ಗುಂಪುಗಳಲ್ಲಿ ಒಂಬತ್ತು ಮಾಡುವುದು ಹೀಗೆ: ಅರ್ಜಿಯ ಶೀರ್ಷಿಕೆ ಮತ್ತು ಸಾರಾಂಶ ಓದಿ, ‘ಇದು ನಮ್ಮಜ್ಜನ ಕಾಲದಿಂದ ಇದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕುವುದು. ಮರುದಿನ ರಾಶಿ ರಾಶಿ ಲಿಂಕು, ಫೋಟೊ. ಒಂದೂ ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ ಕಾನೂನಿಗೆ ಶೀರ್ಷಿಕೆ ಬೇಡ, ಸಾರಾಂಶ ಬೇಡ. ಅರ್ಜಿಯ ಕೊನೆಯಲ್ಲಿ ನಂಬರ್ ಹಾಕಿದ ವಾಕ್ಯಗಳು ಇರುತ್ತವಲ್ಲ, ಅವೇ ಕ್ಲೇಮುಗಳು. ಅರ್ಜಿದಾರರು ‘ಇದು ನನ್ನದು’ ಎನ್ನುವುದು ಅಲ್ಲಿ ಮಾತ್ರ. ಒಂದನೇ ಕ್ಲೇಮನ್ನು ಮೊದಲು ಬಿಳಿ ಹಾಳೆ ಮೇಲೆ ಕೈಯಲ್ಲಿ ಬರೆದುಕೊಳ್ಳಿ. ಕಾಪಿ ಪೇಸ್ಟ್ ಬೇಡ, ಬರೆಯುವಾಗಲೇ ಅದು ತಲೆಗೆ ಇಳಿಯುವುದು. ಆಮೇಲೆ ತುಂಡು ತುಂಡು ಮಾಡಿ.

ಒಂದು ನಿಜವಾದ ಉದಾಹರಣೆ. ಪರ್ಸನಲ್ ಆಡಿಯೊ ಎಂಬ ಅಮೆರಿಕದ ಕಂಪನಿ ಪಾಡ್‌ಕಾಸ್ಟ್ ಮಾಡುವ ಪದ್ಧತಿಯೇ ತನ್ನದು ಎಂದು ಹೇಳಿ ಪಾಡ್‌ಕಾಸ್ಟ್ ಮಾಡುವವರ ಮೇಲೆ ಕೇಸು ಹಾಕುತ್ತಿತ್ತು. ಅದರ ಪೇಟೆಂಟ್ ಸಂಖ್ಯೆ 8,112,504. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಅದನ್ನು ಪ್ರಶ್ನಿಸಲು ಜನರಿಂದ ದುಡ್ಡೂ ಕೇಳಿತು, ಹಳೆಯ ಪುರಾವೆಯನ್ನೂ ಕೇಳಿತು. ಆ ಪೇಟೆಂಟಿನ 31ನೇ ಕ್ಲೇಮನ್ನು ನಮ್ಮ ಮಾತಿನಲ್ಲಿ ಒಡೆದರೆ ಹೀಗಾಗುತ್ತದೆ:

ಅ. ಕಂತು ಕಂತಾಗಿ ಬರುವ ಕಾರ್ಯಕ್ರಮದ ಫೈಲುಗಳು ಸರ್ವರ್‌ನಲ್ಲಿ ಇರಬೇಕು.
ಆ. ಆ ಕಂತುಗಳ ವಿವರ ಇರುವ ಪಟ್ಟಿಯ ಫೈಲು ಬೇರೆ ಇರಬೇಕು.
ಇ. ಹೊಸ ಕಂತು ಬಂದ ಹಾಗೆ ಆ ಪಟ್ಟಿ ಹೊಸದಾಗಬೇಕು.
ಈ. ಪಟ್ಟಿ ಯಾವಾಗಲೂ ಮೊದಲೇ ಗೊತ್ತಿರುವ ಒಂದು ವೆಬ್ ವಿಳಾಸದಲ್ಲಿ ಸಿಗಬೇಕು.
ಉ. ಕೇಳುಗರು ಕೇಳಿದಾಗ ಮೊದಲು ಪಟ್ಟಿ, ಆಮೇಲೆ ಬೇಕಾದ ಕಂತು ಇಳಿಯಬೇಕು.

ಈಗ ನೋಡಿ, ‘1990ರ ದಶಕದಲ್ಲೇ ಇಂಟರ್ನೆಟ್‌ನಲ್ಲಿ ರೇಡಿಯೊ ಇತ್ತು’ ಎಂದರೆ ‘ಅ’ ಮಾತ್ರ ಮುಗಿಯಿತು. ಉಳಿದ ನಾಲ್ಕಕ್ಕೆ ಏನು ಮಾಡುತ್ತೀರಿ? ಕೊನೆಗೆ ಎರಡು ದಾಖಲೆಗಳು ಕೆಲಸ ಮಾಡಿದವು. ಒಂದು, ಸಿಎನ್‌ಎನ್ ಸುದ್ದಿಯ ವಿಡಿಯೊವನ್ನು ಇಂಟರ್ನೆಟ್‌ನಲ್ಲಿ ಕೊಡುವ ವ್ಯವಸ್ಥೆಯ ಬಗ್ಗೆ. ಇನ್ನೊಂದು, ಕೆನಡಾದ ಸಿಬಿಸಿ ರೇಡಿಯೊ ತನ್ನ ಕಾರ್ಯಕ್ರಮಗಳನ್ನು ಇಂಟರ್ನೆಟ್‌ಗೆ ಹಾಕಿದ ಪ್ರಯೋಗದ ಬಗ್ಗೆ. ಎರಡರಲ್ಲೂ ‘ಪಾಡ್‌ಕಾಸ್ಟ್’ ಎಂಬ ಪದ ಇಲ್ಲ. ಆ ಪದ ಹುಟ್ಟಿದ್ದೇ 2004ರಲ್ಲಿ. ಹೆಸರು ಹಿಡಿದು ಹುಡುಕಿದ್ದರೆ ಅವು ಎಂದೂ ಸಿಗುತ್ತಿರಲಿಲ್ಲ. 2015ರ ಏಪ್ರಿಲ್‌ನಲ್ಲಿ ಅಮೆರಿಕದ ಪೇಟೆಂಟ್ ಮಂಡಳಿ ಆ ಕ್ಲೇಮುಗಳನ್ನು ರದ್ದು ಮಾಡಿತು. 2017ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಎಲ್ಲ ತುಂಡುಗಳೂ ಒಂದೇ ದಾಖಲೆಯಲ್ಲಿ ಸಿಕ್ಕರೆ ‘ಇದು ಹೊಸದಲ್ಲ’ ಎಂದು ನೇರವಾಗಿ ಹೇಳಬಹುದು. ಎರಡು ಮೂರು ದಾಖಲೆ ಸೇರಿಸಬೇಕಾದರೆ, ಆ ಕಸುಬು ಬಲ್ಲವರಿಗೆ ಅವನ್ನು ಸೇರಿಸುವುದು ಸಹಜವಾಗಿ ಹೊಳೆಯುತ್ತಿತ್ತು ಎಂದೂ ತೋರಿಸಬೇಕು. ಹಾಗಾಗಿ ಒಂದೇ ದಾಖಲೆಯಲ್ಲಿ ಎಲ್ಲ ಸಿಗುತ್ತದಾ ಎಂದು ಮೊದಲು ನೋಡಿ.

ತುಂಡು ಮಾಡಿದ ಮೇಲೆ ಪ್ರತಿ ತುಂಡಿಗೂ ಬೇರೆ ಬೇರೆ ಪದಗಳ ಪಟ್ಟಿ ಮಾಡಿ. ಅರ್ಜಿಯಲ್ಲಿ ‘ಹೊಂದಿಕೊಳ್ಳುವ ಘರ್ಷಣಾ ಸಾಧನ’ ಎಂದಿದ್ದರೆ ಅದು ನಮ್ಮ ರಬ್ಬರ್ ಪಟ್ಟಿಯೇ. ಮಲೆನಾಡಿನಲ್ಲಿ ಏನೆನ್ನುತ್ತಾರೆ, ಕರಾವಳಿಯಲ್ಲಿ ಏನೆನ್ನುತ್ತಾರೆ, ಫಿಟ್ಟರ್ ಏನೆನ್ನುತ್ತಾನೆ, ಎಲ್ಲವನ್ನೂ ಬರೆಯಿರಿ.

ಪ್ರಯಾರಿಟಿ ದಿನಾಂಕ

ಪುರಾವೆ ಯಾವ ದಿನಕ್ಕಿಂತ ಹಳೆಯದಿರಬೇಕೋ ಅದೇ ಪ್ರಯಾರಿಟಿ ದಿನಾಂಕ. ಅರ್ಜಿ ಭಾರತದಲ್ಲಿ ಹಾಕಿದ ದಿನವೇ ಗಡಿ ಎಂದುಕೊಳ್ಳಬೇಡಿ. ಮೊದಲು ಬೇರೆ ದೇಶದಲ್ಲಿ ಹಾಕಿದ್ದರೆ ಆ ದಿನಾಂಕವೇ ಲೆಕ್ಕ. ಅರ್ಜಿಯ ಮೊದಲ ಪುಟದಲ್ಲೇ ಇರುತ್ತದೆ. ಅದನ್ನು ಕೆಂಪು ಅಕ್ಷರದಲ್ಲಿ ಗುಂಪಿನ ಹಾಳೆಯ ತಲೆಯ ಮೇಲೆ ಹಾಕಿ. ಅದರ ನಂತರದ್ದು ಎಷ್ಟೇ ಚೆನ್ನಾಗಿದ್ದರೂ ಬೇಡ.

ಜನರನ್ನು ಸೇರಿಸುವುದು

ಕ್ಲೇಮು ಒಡೆಯದೆ ಜನರನ್ನು ಕರೆಯಬೇಡಿ. ಇದರಲ್ಲಿ ನನ್ನದು ಸ್ವಲ್ಪ ಹಠ. ಒಬ್ಬರಿಗೆ ಒಂದು ತುಂಡು, ಒಂದು ದಿನಾಂಕ ಕೊಟ್ಟರೆ ಅವರ ನೆನಪು ಕೆಲಸ ಮಾಡುತ್ತದೆ. ‘ಈ ಪೇಟೆಂಟ್ ಬೀಳಿಸಿ’ ಎಂದರೆ ಸಿಟ್ಟು ಮಾತ್ರ ಬರುತ್ತದೆ.

ಇಂಜಿನಿಯರುಗಳೇ ಬೇಕು ಎಂದೇನಿಲ್ಲ. ನಿವೃತ್ತ ಕೃಷಿ ಅಧಿಕಾರಿ, ವರ್ಕ್‌ಶಾಪ್ ಮಾಲೀಕರು, ಗ್ರಂಥಪಾಲಕರು, ಹಳೇ ಪತ್ರಿಕೆ ಕಟ್ಟಿಡುವ ಅಭ್ಯಾಸ ಇರುವ ಯಜಮಾನರು, ಇವರೆಲ್ಲ ಬೇಕು. ವಿದೇಶದಲ್ಲಿ ಕಂಪನಿಗಳು ಇದಕ್ಕೆ ಬಹುಮಾನವನ್ನೂ ಇಟ್ಟಿವೆ. 2017ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಮೇಲೆ ಕೇಸು ಹಾಕಿದವರ ಪೇಟೆಂಟ್‌ಗಳ ವಿರುದ್ಧ ಪುರಾವೆ ತಂದವರಿಗೆ ಎಂದು 50,000 ಡಾಲರ್ ತೆಗೆದಿಟ್ಟಿತು. ನಮಗೆ ಅಷ್ಟು ಬೇಡ. ಪುರಾವೆ ಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಕೇಳಿ ಆಕ್ಷೇಪಣೆಯಲ್ಲಿ ನೆನೆದರೆ ಸಾಕು, ಜನ ಮನಸಾರೆ ಕೆಲಸ ಮಾಡುತ್ತಾರೆ.

ವಾಟ್ಸ್ಆ್ಯಪ್ ಗುಂಪು ಮಾತಿಗೆ ಇರಲಿ. ಪುರಾವೆ ಕೂಡಿಡಲು ಅದು ಬೇಡವೇ ಬೇಡ. ಫೋಟೊ ಕುಗ್ಗುತ್ತದೆ, ಸಣ್ಣಕ್ಷರ ಓದಲಾಗುವುದಿಲ್ಲ, ಮೂರನೇ ದಿನಕ್ಕೆ ಶುಭೋದಯದ ಕೆಳಗೆ ಹೂತುಹೋಗುತ್ತದೆ. ಗೂಗಲ್ ಶೀಟ್ ಒಂದನ್ನು ತೆರೆಯಿರಿ. ಯಾವ ತುಂಡು, ಯಾವ ದಾಖಲೆ, ಯಾವ ಪುಟ, ಯಾವ ದಿನಾಂಕ, ದಿನಾಂಕಕ್ಕೆ ಏನು ಆಧಾರ, ಮೂಲ ಪ್ರತಿ ಯಾರ ಹತ್ತಿರ ಇದೆ: ಆರು ಕಾಲಂ ಸಾಕು.

ಇನ್ನೊಂದು ಮಾತು. ಗುಂಪಿನಲ್ಲಿ ಯಾರಾದರೂ ತಾವೇ ಹೊಸದೇನಾದರೂ ಮಾಡುತ್ತಿದ್ದರೆ, ಪೇಟೆಂಟ್ ಅರ್ಜಿ ಹಾಕುವ ಮೊದಲು ಅದನ್ನು ಎಲ್ಲರ ಮುಂದೆ ಬಿಚ್ಚಿಡಬಾರದು. ಅದು ಅವರ ಅರ್ಜಿಗೇ ಮುಳುವಾಗಬಹುದು.

ಎಲ್ಲಿ ಹುಡುಕಬೇಕು?

ಮೊದಲು ಸುಲಭದ್ದು. ಅದೇ ಅರ್ಜಿ ಯುರೋಪಿಗೂ ಹೋಗಿದ್ದರೆ, ಎಸ್ಪಾಸ್‌ನೆಟ್ ತಾಣದಲ್ಲಿ ಅಲ್ಲಿನ ಪರೀಕ್ಷಕರ ಹುಡುಕಾಟ ವರದಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಎಕ್ಸ್’ ಗುರುತು ಇರುವ ದಾಖಲೆ ಒಂದೇ ಸಾಕು, ಕ್ಲೇಮಿಗೆ ಪೆಟ್ಟು ಕೊಡುತ್ತದೆ ಎಂದರ್ಥ. ‘ವೈ’ ಇದ್ದರೆ ಇನ್ನೊಂದರ ಜೊತೆ ಸೇರಿಸಬೇಕು. ಎಷ್ಟೋ ಸಲ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಆಮೇಲೆ ಗೂಗಲ್ ಪೇಟೆಂಟ್ಸ್, ಪೇಟೆಂಟ್‌ಸ್ಕೋಪ್ ಎಂಬ ಪೇಟೆಂಟ್ ಹುಡುಕು ತಾಣಗಳು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ತಾಣ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ.

ಚಾಟ್‌ಬಾಟ್ ಹೇಳಿದ ಉಲ್ಲೇಖವನ್ನು ಮೂಲ ನೋಡದೆ ಶೀಟಿಗೆ ಹಾಕಲೇಬೇಡಿ. ಇಲ್ಲದ ಲೇಖನಕ್ಕೆ ಲೇಖಕರು, ಸಂಪುಟ, ಪುಟ ಸಂಖ್ಯೆ ಎಲ್ಲ ಕೊಟ್ಟುಬಿಡುತ್ತದೆ. ಅಗ್ಗದ ದರಕ್ಕೆ ‘ಪೇಟೆಂಟ್ ಸರ್ಚ್ ರಿಪೋರ್ಟ್’ ಮಾರುವವರಿಂದಲೂ ದೂರ ಇರಿ. ನಾನು ನೋಡಿದವು ಬರೀ ಶೀರ್ಷಿಕೆಗಳ ಪಟ್ಟಿ.

ನಮ್ಮ ನಿಜವಾದ ಶಕ್ತಿ ಇರುವುದು ಕನ್ನಡದಲ್ಲಿ. ಪರೀಕ್ಷಕರು ಹುಡುಕುವಾಗ ಕನ್ನಡದ ಕೃಷಿ ಪತ್ರಿಕೆ ಅವರ ಕಣ್ಣಿಗೆ ಬೀಳುವುದು ಕಷ್ಟ. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ರೈತರ ಅನುಭವ, ರೈತರೇ ಮಾಡಿಕೊಂಡ ಸಲಕರಣೆಗಳ ಬಗ್ಗೆ ಬರೆಯುತ್ತ ಬಂದಿದೆ. ಇಂಥ ಹಳೆಯ ಸಂಚಿಕೆಗಳು ನಿಮ್ಮ ಅಟ್ಟದ ಮೇಲೆ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಅಚ್ಚಿಗೆ ಎಷ್ಟು ಬೆಲೆ ಎಂಬುದಕ್ಕೆ ಅರಿಶಿನದ ಕಥೆ ಇದೆ. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ 1995ರಲ್ಲಿ ಅಮೆರಿಕದ ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಮನೆಮನೆಯಲ್ಲೂ ಗೊತ್ತಿದ್ದ ವಿಷಯ, ಅಲ್ವಾ? ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಬೇರೆ ದೇಶದ ಬಳಕೆ ಲೆಕ್ಕಕ್ಕಿರಲಿಲ್ಲ, ಅಚ್ಚಾಗಿದ್ದು ಮಾತ್ರ ಲೆಕ್ಕ. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಸಂಸ್ಕೃತ, ಉರ್ದು, ಹಿಂದಿ ಸೇರಿ 32 ಉಲ್ಲೇಖಗಳನ್ನು ಕೊಟ್ಟಿತು. ಅದರಲ್ಲಿ 1953ರ ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು. ನಮ್ಮ ಕಾಯ್ದೆ ಈ ವಿಷಯದಲ್ಲಿ ಉದಾರವಾಗಿದೆ. ಸ್ಥಳೀಯ ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಜ್ಞಾನವೂ ಆಕ್ಷೇಪಣೆಗೆ ಆಧಾರ. ಅದಕ್ಕೆ ತಿಳಿದವರಿಂದ ಪ್ರಮಾಣಪತ್ರ (ಅಫಿಡವಿಟ್) ಬರೆಸಬೇಕು: ಯಾವಾಗಿನಿಂದ, ಎಲ್ಲಿ, ಹೇಗೆ, ಬೇರೆ ಯಾರು ನೋಡಿದ್ದಾರೆ.

ದಿನಾಂಕ ಗಟ್ಟಿ ಮಾಡುವುದು

ಪತ್ರಿಕೆ ಸಿಕ್ಕರೆ ಲೇಖನದ ಪುಟದ ಫೋಟೊ ಮಾತ್ರ ತೆಗೆದು ಬರಬೇಡಿ. ಮುಖಪುಟ, ಸಂಪುಟ ಸಂಚಿಕೆ ತಿಂಗಳು ಇರುವ ಪುಟ, ಲೇಖನದ ಎಲ್ಲ ಪುಟಗಳು, ಗ್ರಂಥಾಲಯದ ಮುದ್ರೆ. ಸಾಧ್ಯವಾದರೆ ಗ್ರಂಥಪಾಲಕರನ್ನು ಕೇಳಿ ದಾಖಲಾತಿ ಪುಸ್ತಕದಲ್ಲಿ ಆ ಸಂಚಿಕೆ ಬಂದ ಸಾಲನ್ನೂ ಫೋಟೊ ತೆಗೆಯಿರಿ. ಪ್ರಬಂಧವಾದರೆ ಬರೆದು ಮುಗಿಸಿದ ದಿನ ಸಾಲದು, ಗ್ರಂಥಾಲಯದಲ್ಲಿ ಜನರಿಗೆ ಓದಲು ಸಿಕ್ಕ ದಿನ ಬೇಕು.

ವೆಬ್ ಪುಟವಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನೋಡಿ. ಅಲ್ಲಿನ ವಿಳಾಸದ ಮಧ್ಯೆ 14 ಅಂಕಿಗಳು ಇರುತ್ತವೆ. ಮೊದಲ ನಾಲ್ಕು ವರ್ಷ, ಮುಂದಿನ ಎರಡು ತಿಂಗಳು, ಆಮೇಲಿನ ಎರಡು ದಿನ, ಉಳಿದದ್ದು ಗಂಟೆ ನಿಮಿಷ ಸೆಕೆಂಡು. ಪೂರ್ತಿ ವಿಳಾಸ ಕಾಣುವ ಹಾಗೆ ಪಿಡಿಎಫ್ ಮಾಡಿಡಿ. ಪುಟದ ಒಳಗಿನ ಚಿತ್ರ ಬೇರೆ ದಿನ ಉಳಿಸಿದ್ದಾಗಿರಬಹುದು, ಅದರ ಅಂಕಿಯನ್ನೂ ಪ್ರತ್ಯೇಕ ನೋಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಕರಪತ್ರ, ಕ್ಯಾಟಲಾಗ್ ಆದರೆ ಜೊತೆಗೆ ಬಿಲ್ ಹುಡುಕಿ. ಯಂತ್ರ ಮಾರಿದ ಬಿಲ್, ಸಬ್ಸಿಡಿ ಅರ್ಜಿ, ಮೇಳದ ವರದಿ ಬಂದ ದಿನಪತ್ರಿಕೆ, ಯಾವುದಾದರೂ ಒಂದರಲ್ಲಿ ಇಸವಿ ಇರಲೇಬೇಕು.

ಸಲ್ಲಿಕೆ

ಪ್ರತಿ ತುಂಡಿನ ಎದುರು ದಾಖಲೆಯ ಸಾಲು ಬರೆದು ಕ್ಲೇಮ್ ಚಾರ್ಟ್ ಮಾಡಿ. ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದ ಸರಿ ಇದೆ ಎಂಬ ದೃಢೀಕರಣ ಹಚ್ಚಿ. ನಮೂನೆ 7ಎ ತುಂಬಿ. ಕರ್ನಾಟಕದ ಅರ್ಜಿದಾರರ ಅರ್ಜಿಗಳು ಚೆನ್ನೈ ಕಚೇರಿಗೆ ಬರುತ್ತವೆ. ಮೊದಲು ಈ ಆಕ್ಷೇಪಣೆಗೆ ಶುಲ್ಕ ಇರಲಿಲ್ಲ. 2024ರ ನಿಯಮ ತಿದ್ದುಪಡಿಯಿಂದ ಇದೆ, ಜೊತೆಗೆ ಆಕ್ಷೇಪಣೆ ವಿಚಾರಣೆಗೆ ಯೋಗ್ಯವೇ ಎಂದು ಕಂಟ್ರೋಲರ್ (ತೀರ್ಮಾನ ಕೊಡುವ ಪೇಟೆಂಟ್ ಕಚೇರಿಯ ಅಧಿಕಾರಿ) ಮೊದಲು ನೋಡುತ್ತಾರೆ. ಹಾಗಾಗಿ ಮೂವತ್ತು ಸಡಿಲ ದಾಖಲೆಗಿಂತ ಮೂರು ಗಟ್ಟಿ ದಾಖಲೆ ಹಾಕಿ. ಬರೆದದ್ದನ್ನು ಒಮ್ಮೆ ಪೇಟೆಂಟ್ ಏಜೆಂಟರಿಗೆ ತೋರಿಸಿ. ಆ ದುಡ್ಡು ಉಳಿಸಲು ಹೋಗಬೇಡಿ.

ವಿಚಾರಣೆ ಬೇಕು ಎಂದು ಅದರಲ್ಲೇ ಬರೆಯಿರಿ. ಕೇಳದಿದ್ದರೆ ಕರೆಯುವುದಿಲ್ಲ.

ಸಲ್ಲಿಸಿದ ಮೇಲೆ ಗುಂಪನ್ನು ಮುಚ್ಚಬೇಡಿ. ನಿಮ್ಮ ಪುರಾವೆ ನೋಡಿ ಅರ್ಜಿದಾರರು ಕ್ಲೇಮಿಗೆ ಇನ್ನೊಂದು ತುಂಡು ಸೇರಿಸಿ ತಿದ್ದುಪಡಿ ತರಬಹುದು. ಆಗ ಆ ಹೊಸ ತುಂಡಿಗೆ ಮತ್ತೆ ಹುಡುಕಬೇಕು. ಮೊದಲ ಸಲ ‘ಬೇಡ’ ಎಂದು ಬದಿಗಿಟ್ಟ ಸಾಲುಗಳಲ್ಲೇ ಅದು ಸಿಗುವುದುಂಟು. ಅದಕ್ಕೇ ಶೀಟಿನಿಂದ ಯಾವ ಸಾಲನ್ನೂ ಅಳಿಸಬೇಡಿ, ಬೂದು ಬಣ್ಣ ಬಳಿದು ಹಾಗೇ ಬಿಡಿ.