ರೂಮಿನ ಫೋಟೊ ಆಮೇಲೆ ನೋಡಿ, ಯಾವ ತಿಂಗಳು ಅಂತ ಮೊದಲು ಹೇಳಿ

ರಾಜಾಜಿನಗರದಿಂದ ಚಿಕ್ಕಪ್ಪನ ಮಗ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಅಣ್ಣ, ಮಾಲ್ಡೀವ್ಸಲ್ಲಿ ಒಂದು ಸೂಪರ್ ರೆಸಾರ್ಟ್ ಸಿಕ್ಕಿದೆ. ರೂಮಿನ ಮಧ್ಯೆ ಗಾಜಿನ ನೆಲ, ಕೆಳಗೆ ಮೀನು ಓಡಾಡೋದು ಕಾಣುತ್ತೆ. ನಲವತ್ತು ಪರ್ಸೆಂಟ್ ಆಫ್, ಹನ್ನೆರಡು ಗಂಟೆಗೆ ಮುಗಿಯುತ್ತಂತೆ. ಬುಕ್ ಮಾಡ್ಬಿಡ್ಲಾ?"

ಯಾವಾಗ ಹೋಗ್ತಿದ್ದೀರಪ್ಪ ಅಂದೆ. ಆಗಸ್ಟ್ ಅಂದ. ವಿಮಾನ ಅಲ್ಲಿನ ರಾಜಧಾನಿ ಮಾಲೆಯಲ್ಲಿ ಎಷ್ಟೊತ್ತಿಗೆ ಇಳಿಯುತ್ತೆ ಅಂದೆ. ಅದಿನ್ನೂ ನೋಡಿಲ್ಲ ಅಂದ. ನಿನ್ನ ಹೆಂಡತಿಗೆ ಈಜು ಬರುತ್ತಾ ಅಂದೆ. ಆ ಕಡೆಯಿಂದ ಸದ್ದೇ ಇಲ್ಲ.

ನಾವೆಲ್ಲ ಮಾಡುವುದೇ ಹೀಗೆ. ಮದುವೆಯಾದ ಹೊಸದರಲ್ಲೋ, ಹತ್ತು ವರ್ಷ ಆದಮೇಲೆ ಮಕ್ಕಳನ್ನು ಅಜ್ಜಿ ಮನೆಗೆ ಬಿಟ್ಟೋ ದ್ವೀಪಕ್ಕೆ ಹೊರಡುವಾಗ ಮೊದಲು ರೂಮಿನ ಫೋಟೊ ನೋಡಿ ಮನಸೋಲುತ್ತೇವೆ. ಉಳಿದದ್ದನ್ನೆಲ್ಲ ಆ ರೂಮಿಗೆ ಹೊಂದಿಸುತ್ತಾ ಹೋಗುತ್ತೇವೆ. ಇದನ್ನು ತಿರುವು ಮುರುವು ಮಾಡಿ. ಅವನಿಗೆ ಹೇಳಿದ್ದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

1. ಇಬ್ಬರೂ ಬೇರೆ ಬೇರೆ ಚೀಟಿ ಬರೆಯಿರಿ

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಒಬ್ಬರನ್ನೊಬ್ಬರು ಕೇಳದೆ, ಈ ರಜೆಯಲ್ಲಿ ನಿಮಗೆ ಬೇಕಾದ ಮೂರು ವಿಷಯ ಬರೆಯಿರಿ. ಒಬ್ಬರಿಗೆ ಸ್ಕೂಬಾ ಬೇಕು, ಇನ್ನೊಬ್ಬರಿಗೆ ನಿದ್ದೆ ಬೇಕು. ಒಬ್ಬರಿಗೆ ಸಂಜೆ ಸುತ್ತಾಡಲು ಅಂಗಡಿ ಬೀದಿ ಇರಲೇಬೇಕು. ಮಾಲ್ಡೀವ್ಸಿನಲ್ಲಿ ಬಹುಪಾಲು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಇಪ್ಪತ್ತು ನಿಮಿಷ ನಡೆದರೆ ದ್ವೀಪ ಮುಗಿದುಹೋಗುತ್ತದೆ. ಎರಡು ದಿನಕ್ಕೇ ಬೇಜಾರಾಗುವ ಜನ ಬಾಲಿ, ಶ್ರೀಲಂಕಾ, ಫುಕೆಟ್ ಕಡೆ ನೋಡುವುದು ಒಳ್ಳೆಯದು. ಮೊಬೈಲ್ ಎತ್ತಿಟ್ಟು ಮಲಗಬೇಕು ಅನ್ನುವವರಿಗೆ ಮಾಲ್ಡೀವ್ಸ್ ಸರಿ. ಪಾಸ್‌ಪೋರ್ಟ್ ತಲೆನೋವೇ ಬೇಡ ಅಂದರೆ ಅಂಡಮಾನ್ ಇದ್ದೇ ಇದೆ. ಲಕ್ಷದ್ವೀಪವೂ ನಮ್ಮದೇ, ಆದರೆ ಅಲ್ಲಿಗೆ ಹೋಗಲು ನಮಗೂ ಪರ್ಮಿಟ್ ಬೇಕು. ಅದು ಕೈಗೆ ಬರುವ ಮುಂಚೆ ಟಿಕೆಟ್ ಮಾಡಿಸಿ ಒದ್ದಾಡಬೇಡಿ.

2. ತಿಂಗಳು, ಆಮೇಲೆ ದಿಕ್ಕು

ಇದು ಎಲ್ಲಕ್ಕಿಂತ ಮುಖ್ಯ, ಇದನ್ನೇ ಜನ ಬಿಟ್ಟುಬಿಡುತ್ತಾರೆ. ಬೆಂಗಳೂರಲ್ಲಿ ಮಳೆ ಬಂದರೆ ಸಿಲ್ಕ್ ಬೋರ್ಡಲ್ಲಿ ನಿಲ್ಲುತ್ತೇವೆ ಅಷ್ಟೆ. ಸಣ್ಣ ದ್ವೀಪದಲ್ಲಿ ಮಳೆ ಬಂತು ಅಂದರೆ ಗಾಳಿ ಎದ್ದು ದೋಣಿ ನಿಲ್ಲುತ್ತದೆ, ನೀರು ಕದಡಿ ಮೀನೂ ಕಾಣುವುದಿಲ್ಲ.

ಮಾಲ್ಡೀವ್ಸಿನಲ್ಲಿ ಒಣ ಹವೆ ಅಂದರೆ ಡಿಸೆಂಬರ್ ಕೊನೆಯಿಂದ ಏಪ್ರಿಲ್. ಮೇಯಿಂದ ಅಕ್ಟೋಬರ್‌ವರೆಗೆ ನಮ್ಮದೇ ನೈರುತ್ಯ ಮುಂಗಾರು ಅಲ್ಲೂ ಬೀಸುತ್ತದೆ. ಚಿಕ್ಕಪ್ಪನ ಮಗನಿಗೆ ಸಿಕ್ಕ ನಲವತ್ತು ಪರ್ಸೆಂಟಿನ ಗುಟ್ಟು ಅದೇ. ಹಾಗಂತ ಆ ತಿಂಗಳುಗಳು ದಂಡ ಅಂತ ನಾನು ಹೇಳುವುದಿಲ್ಲ. ದಿನವಿಡೀ ಸುರಿಯುವುದು ಕಡಿಮೆ, ನಡುನಡುವೆ ಒಳ್ಳೆ ಬಿಸಿಲೂ ಬರುತ್ತದೆ, ದುಡ್ಡಂತೂ ತುಂಬಾ ಉಳಿಯುತ್ತದೆ. ಇನ್ನೊಂದು ವಿಚಿತ್ರ ಕೇಳಿ. ಅಲ್ಲಿನ ಹವಳದ ದ್ವೀಪಗಳ ಗುಂಪಾದ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಮಾಂಟಾ ಎಂಬ ದೊಡ್ಡ ತೊರಕೆ ಮೀನುಗಳು ಗುಂಪುಗುಂಪಾಗಿ ಬರುವುದು ಇದೇ ಮಳೆಯ ತಿಂಗಳುಗಳಲ್ಲಿ. ಅವನ್ನು ನೋಡುವ ಆಸೆ ಇದ್ದರೆ ಆಗಸ್ಟೇ ಸರಿ.

ಶ್ರೀಲಂಕಾದಲ್ಲಿ ತಿಂಗಳು ಗೊತ್ತಾದರೆ ಸಾಲದು, ಯಾವ ದಡ ಅಂತಲೂ ನೋಡಬೇಕು. ಬೆಂತೋಟ, ಮಿರಿಸ್ಸಾ, ಉನವಟುನ ಇರುವ ನೈರುತ್ಯ ದಡಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಚೆನ್ನಾಗಿರುತ್ತದೆ. ಮೇಯಿಂದ ಸೆಪ್ಟೆಂಬರ್‌ಗೆ ಪೂರ್ವದ ಟ್ರಿಂಕೋಮಲಿ, ಪಾಸಿಕುಡಾ. ಒಂದೇ ದೇಶ, ಅದೇ ವಾರ, ಒಂದು ದಡದಲ್ಲಿ ನೀರಿಗಿಳಿಯಬೇಡಿ ಅನ್ನುವ ಕೆಂಪು ಬಾವುಟ, ಇನ್ನೊಂದರಲ್ಲಿ ಕನ್ನಡಿಯಂಥ ನೀರು! ಥಾಯ್ಲೆಂಡ್ ಕಥೆಯೂ ಇದೇ. ಫುಕೆಟ್‌ಗೆ ಮೇಯಿಂದ ಅಕ್ಟೋಬರ್ ಮಳೆಗಾಲ, ಆಚೆ ಕೊಲ್ಲಿಯಲ್ಲಿರುವ ಸಮುಯಿಗೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ದಸರಾ ರಜೆಗೆ ಹೋಗುವವರು ಇದನ್ನು ಎರಡು ಸಲ ಓದಿ. ಬಾಲಿಗೆ ನವೆಂಬರ್‌ನಿಂದ ಮಾರ್ಚ್ ಮಳೆ. ಆ ಹೊತ್ತಲ್ಲಿ ಕುಟಾ ಕಡೆ ಅಲೆಗಳು ಪ್ಲಾಸ್ಟಿಕ್ ಕಸ ತಂದು ಸುರಿಯುತ್ತವೆ, ಅದನ್ನು ಯಾವ ಹೋಟೆಲ್ ಫೋಟೊದಲ್ಲೂ ಹಾಕುವುದಿಲ್ಲ. ಮಾರಿಷಸ್ ಸಮಭಾಜಕ ರೇಖೆಯ ಆಚೆ ಇದೆ, ಹಾಗಾಗಿ ಜನವರಿಯಿಂದ ಮಾರ್ಚ್ ಅಲ್ಲಿ ಚಂಡಮಾರುತದ ಕಾಲ. ಜೂನ್, ಜುಲೈಯಲ್ಲಿ ಪೂರ್ವದ ದಡಕ್ಕೆ ಗಾಳಿ ಜಾಸ್ತಿ, ಪಶ್ಚಿಮ ಮತ್ತು ಉತ್ತರದ ದಡ ಬೆಚ್ಚಗಿರುತ್ತವೆ.

3. ದ್ವೀಪದ ಬಾಗಿಲವರೆಗೆ ಲೆಕ್ಕ ಹಾಕಿ

ಬೆಂಗಳೂರಿಂದ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆ. ಟ್ರಾಫಿಕ್ ಇರುವ ದಿನ ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೂ ಅಷ್ಟೇ ಹಿಡಿಯುತ್ತದೆ, ಬಿಡಿ. ಆದರೆ ಮಾಲೆ ತಲುಪಿದ ತಕ್ಷಣ ರೆಸಾರ್ಟ್ ತಲುಪಿದ ಹಾಗಲ್ಲ. ಅಲ್ಲಿಂದ ಸ್ಪೀಡ್‌ಬೋಟ್ ಅಥವಾ ಸೀಪ್ಲೇನ್, ಅಂದರೆ ನೀರ ಮೇಲೆ ಇಳಿಯುವ ಸಣ್ಣ ವಿಮಾನ ಹಿಡಿಯಬೇಕು, ಕೆಲವು ಕಡೆಗೆ ಒಳನಾಡಿನ ಇನ್ನೊಂದು ವಿಮಾನ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ.

ನಾವು ಕಲಿತದ್ದು ಏಟು ತಿಂದು. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಮಧ್ಯಾಹ್ನದ ವಿಮಾನ ಹಿಡಿದೆವು. ಅದು ತಡವಾಯಿತು. ಸಂಜೆ ಐದಕ್ಕೆ ಕೌಂಟರಿಗೆ ಹೋದರೆ ಕೊನೆಯ ಸೀಪ್ಲೇನ್ ಹೋಗಿಯಾಗಿತ್ತು. ಮಾಲೆ ಪಕ್ಕದ ಹುಲ್ಹುಮಾಲೆಯಲ್ಲಿ ಕಿಟಕಿ ತೆರೆದರೆ ಪಕ್ಕದ ಗೋಡೆ ಕಾಣುವ ರೂಮಲ್ಲಿ ರಾತ್ರಿ ಕಳೆದೆವು, ರೆಸಾರ್ಟಿನ ಆ ರಾತ್ರಿಯ ದುಡ್ಡೂ ಹೋಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಭಯ ಆಗಿದ್ದು. ಮಧ್ಯಾಹ್ನ ಮೂರೂವರೆಯ ಒಳಗೆ ಇಳಿದರೆ ಸಾಮಾನ್ಯವಾಗಿ ಅಂದೇ ಸೀಪ್ಲೇನ್ ಸಿಗುತ್ತದೆ. ಆಮೇಲೆ ಇಳಿಯುವ ವಿಮಾನ ಆದರೆ ಸ್ಪೀಡ್‌ಬೋಟಲ್ಲಿ ತಲುಪುವ ರೆಸಾರ್ಟ್ ಮಾತ್ರ ನೋಡಿ. ಸೀಪ್ಲೇನಲ್ಲಿ ಒಬ್ಬರಿಗೆ ಇಪ್ಪತ್ತು ಕೆಜಿ ಲಗೇಜು, ಕೈಚೀಲ ಐದು ಕೆಜಿ. ಆರು ಜೊತೆ ಬಟ್ಟೆ ತುಂಬುವ ಮುಂಚೆ ತೂಕ ಹಾಕಿ.

ಅಂಡಮಾನಿನಲ್ಲೂ ಇದೇ ಲೆಕ್ಕ. ಈಗ ಶ್ರೀ ವಿಜಯಪುರಂ ಅಂತ ಕರೆಯುವ ಪೋರ್ಟ್ ಬ್ಲೇರ್‌ನಲ್ಲಿ ಇಳಿದು, ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ, ಹಡಗು ಹಿಡಿಯಬೇಕು. ಒಂದೂವರೆಯಿಂದ ಎರಡೂವರೆ ಗಂಟೆ ಆಗುತ್ತದೆ. ಬೆಳಿಗ್ಗೆಯ ವಿಮಾನ ಹಿಡಿಯುವುದೇ ಕ್ಷೇಮ. ದೋಣಿಯಲ್ಲಿ ಹೊಟ್ಟೆ ತೊಳಸುವವರು ವಾಂತಿಗೆ ಯಾವ ಮಾತ್ರೆ ಅಂತ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

4. ಈಗ ಮ್ಯಾಪ್ ತೆಗೆಯಿರಿ

ರೆಸಾರ್ಟಿನ ಹೆಸರು ಹಾಕಿ ಉಪಗ್ರಹದ ಚಿತ್ರ ನೋಡಿ. ಇದಕ್ಕೆ ಹತ್ತು ನಿಮಿಷ ಸಾಕು, ನೂರು ರಿವ್ಯೂ ಓದಿದ್ದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ. ದಡದ ಸುತ್ತ ತಿಳಿ ಹಸಿರು ನೀರು ಅಗಲವಾಗಿದ್ದರೆ ಅದು ಲಗೂನ್. ಆಳ ಕಡಿಮೆ, ಈಜು ಬಾರದವರೂ ಕಾಲಾಡಿಸಿಕೊಂಡು ಕೂರಬಹುದು. ನಮ್ಮಲ್ಲಿ ಅರ್ಧಕ್ಕರ್ಧ ಜನ ಈಜು ಬಾರದವರೇ, ಅಲ್ವಾ? ತಿಳಿ ಹಸಿರಿನ ಪಟ್ಟಿ ಕಿರಿದಾಗಿ, ದಡದ ಹತ್ತಿರವೇ ನೀರು ಕಡು ನೀಲಿಗೆ ತಿರುಗಿದ್ದರೆ ಹವಳದ ದಿಬ್ಬ ಪಕ್ಕದಲ್ಲೇ ಇದೆ ಅಂತ. ಇದನ್ನು ಹೌಸ್ ರೀಫ್ ಅನ್ನುತ್ತಾರೆ. ಉಸಿರಾಡುವ ಕೊಳವೆ, ಅಂದರೆ ಸ್ನಾರ್ಕೆಲ್ ಹಾಕಿಕೊಂಡು ರೂಮಿಂದಲೇ ಇಳಿಯಬಹುದು, ದೋಣಿ ಬಾಡಿಗೆ ಉಳಿಯುತ್ತದೆ. ಎರಡೂ ಇರುವ ದ್ವೀಪಗಳು ಕಡಿಮೆ, ಚೀಟಿ ನೋಡಿ ಒಂದನ್ನು ಬಿಡಿ.

ಪಕ್ಕದಲ್ಲೇ ಕಟ್ಟಡದ ಕೆಲಸ ನಡೆಯುತ್ತಿದೆಯಾ, ಬೀಚಿಗೂ ಹೋಟೆಲಿಗೂ ಮಧ್ಯೆ ರಸ್ತೆ ಇದೆಯಾ, ಇದೂ ಮ್ಯಾಪಲ್ಲೇ ಸಿಗುತ್ತದೆ. "ಬೀಚಿಗೆ ಎರಡು ನಿಮಿಷ" ಅಂದರೆ ಸ್ಕೂಟರ್‌ನಲ್ಲಿ ಎರಡು ನಿಮಿಷ ಅಂತಲೂ ಇರಬಹುದು.

ಆಮೇಲೆ ಉಬ್ಬರ ಇಳಿತ. ಸ್ವರಾಜ್ ದ್ವೀಪದ ಪೂರ್ವಕ್ಕೆ, ವಿಜಯನಗರ ಬೀಚ್ ಕಡೆ ರೆಸಾರ್ಟ್‌ಗಳು ಸಾಲಾಗಿವೆ. ಬೆಳಿಗ್ಗೆ ಸೂರ್ಯ ಹುಟ್ಟುವುದು ಚೆಂದ. ಆದರೆ ಇಳಿತದಲ್ಲಿ ನೀರು ದೂರ ಸರಿದು ಕಲ್ಲು, ಹವಳ ಎದ್ದು ನಿಲ್ಲುತ್ತವೆ. ಮುಳುಗುವಷ್ಟು ನೀರಿಗೆ ಪಶ್ಚಿಮದ ರಾಧಾನಗರಕ್ಕೇ ಹೋಗಬೇಕು. ಸೂರ್ಯ ಮುಳುಗುವುದೂ ಅಲ್ಲೇ, ಅದೂ ಬೇಗ. ಅಂಡಮಾನ್ ಅಷ್ಟು ಪೂರ್ವದಲ್ಲಿದ್ದರೂ ನಮ್ಮದೇ ಗಡಿಯಾರ, ಹಾಗಾಗಿ ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೇ ಮುಗಿದಿರುತ್ತದೆ. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಸನ್‌ಸೆಟ್ ನೋಡೋಣ ಅನ್ನುವ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ. ಬಾಲಿಯಲ್ಲಿ ಮಗುವಿನಂಥ ಸಮುದ್ರ ಬೇಕಾದರೆ ನುಸಾ ದುವಾ. ಚಂಗ್ಗು ಸರ್ಫಿಂಗ್ ಜಾಗ, ಅಲ್ಲಿ ಮರಳೂ ಕಪ್ಪು. ಉಬುದ್‌ಗೆ ಸಮುದ್ರವೇ ಇಲ್ಲ, ಇದನ್ನು ಗೊತ್ತಿಲ್ಲದೆ ಬುಕ್ ಮಾಡಿದವರು ನನಗೆ ಗೊತ್ತು.

5. ನಿಜವಾದ ರೇಟು

ಪರದೆ ಮೇಲೆ 400 ಡಾಲರ್ ಅಂತ ಕಾಣುತ್ತದೆ. ಪಕ್ಕದಲ್ಲಿ ಸಣ್ಣದಾಗಿ ಎರಡು ಪ್ಲಸ್ ಗುರುತು. ಮಾಲ್ಡೀವ್ಸಿನಲ್ಲಿ ಅದರ ಅರ್ಥ ಹೀಗೆ: 10% ಸರ್ವಿಸ್ ಚಾರ್ಜ್ ಸೇರಿ 440 ಆಯಿತು. ಅದರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ, 2025ರ ಜುಲೈಯಿಂದ ಅದು 17%, ಸುಮಾರು 515 ಆಯಿತು. ರೆಸಾರ್ಟಲ್ಲಿ ಗ್ರೀನ್ ಟ್ಯಾಕ್ಸ್ ಒಬ್ಬರಿಗೆ ದಿನಕ್ಕೆ 12 ಡಾಲರ್, ಇಬ್ಬರಿಗೆ 24. ಅಲ್ಲಿಗೆ ಒಂದು ರಾತ್ರಿಗೆ 539. ಸೀಪ್ಲೇನ್ ಬೇರೆ, ಹೋಗಿ ಬರಲು ಒಬ್ಬರಿಗೆ 400ರಿಂದ 600 ಡಾಲರ್ ಮಾಮೂಲಿ. ನಾಲ್ಕು ರಾತ್ರಿಗೆ 1,600 ಅಂದುಕೊಂಡು ಹೊರಟವರು 3,000 ದಾಟುವುದು ಹೀಗೆ. ಅದಕ್ಕೇ "ಎಲ್ಲಾ ತೆರಿಗೆ, ಓಡಾಟ ಸೇರಿ ಇಬ್ಬರಿಗೆ ಒಟ್ಟು ಎಷ್ಟು" ಅಂತ ಒಂದೇ ಸಾಲು ಮೇಲ್ ಹಾಕಿ, ಉತ್ತರ ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಇಷ್ಟು ದುಡ್ಡು ಆಗುವುದಿಲ್ಲ ಅಂದರೆ ಮಾಫುಶಿಯಂಥ ಊರಿರುವ ದ್ವೀಪದಲ್ಲಿ ಗೆಸ್ಟ್‌ಹೌಸ್ ಹಿಡಿಯಿರಿ, ಸಮುದ್ರ ಅದೇ ಸಮುದ್ರ. ಆದರೆ ಅಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆಗೆ ಬೇರೆಯೇ ಬೀಚ್ ಗುರುತು ಮಾಡಿರುತ್ತಾರೆ. ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಂಡು ಹೋಗುವ ಜಾಣತನ ಬೇಡ, ಮಾಲೆ ಕಸ್ಟಮ್ಸ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಎಲ್ಲೇ ಆಗಲಿ, ಕಾರ್ಡ್ ಮಷೀನು ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಆ ದರ ಸಾಮಾನ್ಯವಾಗಿ ನಷ್ಟದ್ದೇ.

6. ಊಟ

ಬರೀ ಬ್ರೇಕ್‌ಫಾಸ್ಟ್ ಸೇರಿದ ರೂಮು ಬಾಲಿ, ಶ್ರೀಲಂಕಾಕ್ಕೆ ಸಾಕು, ಹೊರಗೆ ಬಂದರೆ ಹೋಟೆಲ್ ಸಿಗುತ್ತದೆ. ಒಂಟಿ ದ್ವೀಪದ ರೆಸಾರ್ಟಲ್ಲಿ ಬೇರೆ ದಾರಿಯೇ ಇಲ್ಲ, ಅವರು ಹೇಳಿದ್ದೇ ಬೆಲೆ. ಕಡೇಪಕ್ಷ ಹಾಫ್ ಬೋರ್ಡ್, ಅಂದರೆ ತಿಂಡಿ ಮತ್ತು ರಾತ್ರಿ ಊಟ ಸೇರಿಸಿಕೊಳ್ಳಿ. ಕುಡಿಯದವರಿಗೆ ಊಟದ ಜೊತೆ ಮದ್ಯವನ್ನೂ ಸೇರಿಸಿದ ಆಲ್ ಇನ್‌ಕ್ಲೂಸಿವ್ ದಂಡ.

ಸಸ್ಯಾಹಾರಿಗಳು ಸುಮ್ನೆ ವೆಜ್ ಅಂದರೆ ಸಾಲದು. ಮಾಲ್ಡೀವ್ಸಿನ ಬೆಳಗಿನ ತಿಂಡಿ ಮಸ್ ಹುನಿಯಲ್ಲಿ ಕಾಯಿತುರಿ ಜೊತೆ ಟ್ಯೂನಾ ಇರುತ್ತದೆ. ಶ್ರೀಲಂಕಾದ ಪೊಲ್ ಸಂಬೋಲ ನೋಡಲು ನಮ್ಮ ಕಾಯಿ ಚಟ್ನಿಯ ಹಾಗೇ, ಆದರೆ ಎಷ್ಟೋ ಕಡೆ ಒಣಮೀನಿನ ಚೂರು ಹಾಕುತ್ತಾರೆ. ಬಾಲಿಯ ಸಂಬಲ್‌ನಲ್ಲಿ ಸಿಗಡಿ ಪೇಸ್ಟ್, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್. "ಮೀನು, ಸಿಗಡಿ, ಮೊಟ್ಟೆ ಯಾವುದೂ ಬೇಡ" ಅಂತ ಬಿಡಿಸಿ ಬರೆದು ಕಳಿಸಿ. ಚಟ್ನಿಪುಡಿ ಡಬ್ಬಿಯಂತೂ ಬ್ಯಾಗಲ್ಲಿ ಇರಲಿ.

7. ಕೊನೆಗೆ ರೂಮು

ಈಗ ಫೋಟೊ ನೋಡಬಹುದು. ಹೋಟೆಲಿನವರು ಹಾಕಿದ್ದಲ್ಲ, ನೀವು ಹೋಗುವ ತಿಂಗಳಲ್ಲೇ ಹಿಂದಿನ ವರ್ಷ ಉಳಿದವರು ತೆಗೆದದ್ದು. ನೀರ ಮೇಲಿನ ವಿಲ್ಲಾ ನಾಲ್ಕೂ ರಾತ್ರಿ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎರಡು ರಾತ್ರಿ ಬೀಚ್ ವಿಲ್ಲಾ, ಎರಡು ರಾತ್ರಿ ನೀರ ಮೇಲೆ ಅಂದರೆ ಎಷ್ಟೋ ರೆಸಾರ್ಟ್ ಒಪ್ಪುತ್ತವೆ. ಸೂರ್ಯ ಮುಳುಗುವ ಕಡೆ ಮುಖ ಮಾಡಿದ ರೂಮಿಗೆ ರೇಟು ಹೆಚ್ಚು, ಮಧ್ಯಾಹ್ನದ ಸೆಕೆಯೂ ಹೆಚ್ಚು. ಹನಿಮೂನ್ ಆಗಿದ್ದರೆ ಮೊದಲೇ ಹೇಳಿ. ಕೇಕು, ಹಾಸಿಗೆ ಮೇಲೆ ಹೂವು ಫ್ರೀ, ಕೆಲವರು ಮದುವೆ ಸರ್ಟಿಫಿಕೇಟ್ ಕೇಳುತ್ತಾರೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ರೇಟಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಚಿಕ್ಕಪ್ಪನ ಮಗ ಅವತ್ತು ಹನ್ನೆರಡು ಗಂಟೆ ಹಾಗೇ ದಾಟಿಸಿದ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಆಫರ್ ಇನ್ನೂ ಇತ್ತಂತೆ. ಒಂದು ವಾರ ಬಿಟ್ಟು ಮತ್ತೆ ಫೋನ್ ಬಂತು. ಫೆಬ್ರುವರಿಗೆ ಬದಲಾಯಿಸಿದ್ದಾರೆ, ಸ್ಪೀಡ್‌ಬೋಟಲ್ಲಿ ತಲುಪುವ ದ್ವೀಪ, ಅಗಲವಾದ ಲಗೂನ್. ಗಾಜಿನ ನೆಲ ಏನಾಯ್ತೋ ಅಂದೆ. "ಅವಳ ಚೀಟಿಯಲ್ಲಿ ಅದು ಇರಲೇ ಇಲ್ಲ ಅಣ್ಣ. ಬೆಳಿಗ್ಗೆ ಹತ್ತರವರೆಗೆ ಯಾರೂ ಎಬ್ಬಿಸಬಾರದು ಅಂತ ಮೊದಲನೇ ಸಾಲಲ್ಲೇ ಬರೆದಿದ್ದಳು." ಈಗ ತಿಂಡಿ ಎಷ್ಟೊತ್ತಿನವರೆಗೆ ಕೊಡುತ್ತೀರಿ ಅಂತ ರೆಸಾರ್ಟಿಗೆ ಮೇಲ್ ಹಾಕಿ ಕೂತಿದ್ದಾನೆ.