ನಡೆದ ಮೇಲೆ ಮೀನಖಂಡ ನೋವು: ನನಗೆ ಗುಣ ಕೊಟ್ಟ ಕ್ರಮ

ನಲವತ್ತೈದು ದಾಟಿದವರಿಗೆ ಸಂಜೆ ಮೀನಖಂಡ ಹಿಡಿದುಕೊಳ್ಳುವುದು, ಬೆಳಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು, ಎರಡಕ್ಕೂ ಬಹಳ ಸಲ ಕಾರಣ ಒಂದೇ: ಬಿಗಿದು ಬಲ ಕಳೆದುಕೊಂಡ ಮೀನಖಂಡ. ಎಣ್ಣೆ ತಿಕ್ಕಿದರೆ ಹಾಯೆನಿಸುತ್ತದೆ, ಬಲ ಬರುವುದಿಲ್ಲ.

ಗೋಡೆಗೆ ಕೈಯೂರಿ ಒಂದು ಕಾಲು ಹಿಂದಿಡಿ. ಮಂಡಿ ನೇರ, ಹಿಮ್ಮಡಿ ನೆಲಕ್ಕೆ, ಬೆರಳು ಗೋಡೆಯ ಕಡೆಗೆ. ಪಾದ ಹೊರಕ್ಕೆ ತಿರುಗಿದರೆ ಎಳೆತ ತಪ್ಪುತ್ತದೆ. 30 ಸೆಕೆಂಡು, ಮೂರು ಸಲ. ಆಮೇಲೆ ಮಂಡಿ ಸ್ವಲ್ಪ ಬಗ್ಗಿಸಿ ಅದನ್ನೇ ಮಾಡಿ. ಒಳಗಿನ ಸ್ನಾಯುವಿಗೆ ಎಳೆತ ಸಿಗುವುದು ಆಗಲೇ. ಜನ ಬಿಟ್ಟುಬಿಡುವುದೂ ಇದನ್ನೇ.

ದಿನ ಬಿಟ್ಟು ದಿನ ಅಡುಗೆಕಟ್ಟೆ ಹಿಡಿದು ಎರಡೂ ಹಿಮ್ಮಡಿ ಎತ್ತಿ, ಮೂರೆಣಿಸುತ್ತಾ ಇಳಿಸಿ. 12ರಂತೆ ಮೂರು ಸುತ್ತು. ಧಪ್ಪನೆ ಇಳಿಸಿದರೆ ಅರ್ಧ ಲಾಭ ಹೋಯಿತು. ಸಲೀಸಾದ ಮೇಲೆ ಒಂಟಿ ಕಾಲಲ್ಲಿ. ಎಂಟು ವಾರವಾದರೂ ಹಿಡಿಯುತ್ತದೆ, ಅವಸರ ಬೇಡ.

ಸವೆದ ಹವಾಯಿ ಚಪ್ಪಲಿ ಬಿಡಿ. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ನಿಂತೇ ಅಡುಗೆ ಮಾಡುವವರು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು (ಅತ್ತೆಯವರು ಒಪ್ಪಿದರೆ). 40 ನಿಮಿಷದ ನಡಿಗೆಯನ್ನು ಸದ್ಯಕ್ಕೆ ಇಪ್ಪತ್ತರಂತೆ ಎರಡು ಹೊತ್ತು ಹಂಚಿ.

ಇದು ಎಲ್ಲ ನೋವಿಗೂ ಅಲ್ಲ. ಪ್ರತಿಸಲ ಅಷ್ಟೇ ದೂರಕ್ಕೆ ನೋವು ಬಂದು, ನಿಂತ ಕೆಲವೇ ನಿಮಿಷಕ್ಕೆ ಹೋದರೆ ರಕ್ತನಾಳ ಕಿರಿದಾಗಿರಬಹುದು. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟಿನವರು ಮುಖ್ಯವಾಗಿ ತೋರಿಸಿಕೊಳ್ಳಬೇಕು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.